ಬಸ್ಸಿನಮ್ಮನಿಗೆ ದಾವಣಗೆರೆಯ ಕುಂಕುಮ

ಬ್ರಿಸ್ಬೇನಿನಲ್ಲಿ ನಾನು ಮೊದಲ ಸಲ ಹತ್ತಿದ ಬಸ್ಸಿಗೆ ಕಂಡಕ್ಟರ್ ಇರಲಿಲ್ಲ. ಹತ್ತುವಾಗ ಡ್ರೈವರ್ ಏನೋ ಕೇಳಿದ. ಅವನ ಇಂಗ್ಲಿಷ್ ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ತಿಳಿಯಲಿಲ್ಲ. ಕೈಬೀಸಿ ಒಳಗೆ ಕಳಿಸಿದ. ಕಂಡಕ್ಟರ್ ಎಲ್ಲೋ ಟೀ ಕುಡಿಯಲು ಇಳಿದಿರಬೇಕು ಎಂದುಕೊಂಡು ಕೈಯಲ್ಲಿ ಚಿಲ್ಲರೆ ಹಿಡಿದು ಕೂತೆ. ಬಸ್ಸು ಹೊರಟೇಬಿಟ್ಟಿತು. ‘ರೈಟ್’ ಅನ್ನುವವರಿಲ್ಲ, ಸೀಟಿ ಊದುವವರಿಲ್ಲ, ಒಳಗೆ ಹೋಗ್ರೀ ಎಂದು ಬೈಯುವವರಿಲ್ಲ. ಹತ್ತಿದವರು ಯಂತ್ರಕ್ಕೆ ಕಾರ್ಡು ತಾಗಿಸಿ ತಣ್ಣಗೆ ಕೂತರು. ಇಳಿಯುವವರು ‘ಥ್ಯಾಂಕ್ಯೂ ಡ್ರೈವರ್’ ಎಂದು ಕೂಗಿ ಇಳಿದರು. ಬಸ್ಸಿನೊಳಗೆ ಆಸ್ಪತ್ರೆಯ ವಾರ್ಡಿನಂಥ ಮೌನ. ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನನಗೆ ಬೆವರು ಕಿತ್ತುಕೊಂಡಿತು, ಯಾಕೆಂದರೆ ನಾನು ಕಂಡಕ್ಟರ್ ಮಗಳು.

ಅಂದು ಸಂಜೆ ದಾವಣಗೆರೆಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ.

“ಕಂಡಕ್ಟ್ರೇ ಇಲ್ವಾ? ಹಂಗಾದ್ರೆ ಜಗಳ ಆದ್ರೆ ಯಾರೇ ಬಿಡಿಸ್ತಾರೆ?”

“ಇಲ್ಲಿ ಬಸ್ಸಲ್ಲಿ ಜಗಳ ಆಗಲ್ಲವ್ವ.”

“ಜನ ಅಂದ್ಮೇಲೆ ಜಗಳ ಇರ್ತಾವೆ ಕಣೆ. ನಿಂಗೆ ಇನ್ನೂ ಕಂಡಿಲ್ಲ ಅಷ್ಟೆ,” ಎಂದಳು.

ಅವ್ವನ ಹೆಸರು ಗಂಗಮ್ಮ. ಅಪ್ಪ ಸರ್ಕಾರಿ ಕೆಂಪು ಬಸ್ಸಿನ ಡ್ರೈವರ್ ಆಗಿದ್ದ. ಅವನು ತೀರಿಕೊಂಡ ಮೇಲೆ ಅನುಕಂಪದ ಕೆಲಸ ಅಂತ ಅವ್ವನಿಗೆ ಕಂಡಕ್ಟರ್ ಹುದ್ದೆ ಸಿಕ್ಕಿತು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಹೊರಟರೆ ಇಡೀ ಬಸ್ಸು ಅವಳ ಮಾತಿಗೆ ಹಿಂದೆ ಮುಂದೆ ಸರಿಯುತ್ತಿತ್ತು. ಮುಂದಿನ ಸಾಲುಗಳು ಹೆಂಗಸರಿಗೆ ಮೀಸಲು ಎಂದು ಗೋಡೆಗೆ ಬರೆದಿರುತ್ತದೆ. ಆ ಸೀಟಿನಲ್ಲಿ ಕೂತ ಗಂಡಸರಿಗೆ, ಹೆಂಗಸರು ಹತ್ತಿದ ಕೂಡಲೇ ಗಾಢ ನಿದ್ದೆ ಬರುತ್ತದೆ. ಅವರನ್ನು ಎಬ್ಬಿಸುವುದೇ ಅವ್ವನ ದಿನನಿತ್ಯದ ಯುದ್ಧ. ಎಬ್ಬಿಸದೆ ಬಿಟ್ಟವಳೂ ಅಲ್ಲ.

ಒಮ್ಮೆ ಯಾರೋ ಪ್ರಯಾಣಿಕರು ಬಸ್ಸಿನಲ್ಲಿ ಇಂಗ್ಲಿಷ್ ಪತ್ರಿಕೆಯೊಂದನ್ನು ಮರೆತು ಹೋದರು. ಡಿಪೋದಲ್ಲಿ ಬಹಳ ದಿನ ಇಟ್ಟರೂ ಕೇಳಿಕೊಂಡು ಯಾರೂ ಬರಲಿಲ್ಲ. ಅದರೊಳಗೆ ಅಮೆರಿಕದ ಇತಿಹಾಸದ ಹಳೆಯ ಕಪ್ಪು ಬಿಳುಪು ಚಿತ್ರಗಳಿದ್ದವು: ಗಡ್ಡದ ಅಧ್ಯಕ್ಷ, ಚಂದ್ರನ ಮೇಲೆ ನಿಂತವನು, ಜನಸಾಗರದ ಮುಂದೆ ಭಾಷಣ ಮಾಡುತ್ತಿರುವ ಪಾದ್ರಿ. ಅವ್ವ ಅವರನ್ನೆಲ್ಲ ಬಿಟ್ಟು ಒಂದೇ ಒಂದು ಪುಟ ಕತ್ತರಿಸಿಕೊಂಡಳು. ಬಸ್ಸಿನ ಕಿಟಕಿಯ ಪಕ್ಕ ಕೂತ ಕಪ್ಪು ಹೆಂಗಸು. ತಲೆಗೆ ಟೋಪಿ, ನೋಟ ಕಿಟಕಿಯಾಚೆ. ಅವಳ ಹಿಂದಿನ ಸೀಟಿನಲ್ಲಿ ಮುಖ ಗಂಟಿಕ್ಕಿಕೊಂಡ ಬಿಳಿಯ ಗಂಡಸು.

ಕೆಳಗೆ ಬರೆದ ಇಂಗ್ಲಿಷ್ ಅವ್ವನಿಗೆ ಬೇಕಾಗಲಿಲ್ಲ. ಚಿತ್ರ ನೋಡಿದ ಮೇಲೆ ಬೇರೆ ಏನು ಓದುವುದಿದೆ? ಅಲ್ಲಿನ ಗಂಡಸು ಲೇಡೀಸ್ ಸೀಟಿನಲ್ಲಿ ಕೂತಿದ್ದ, ಈಯಮ್ಮ ಅವನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿ ತನ್ನ ಜಾಗದಲ್ಲಿ ಕೂತಿದ್ದಾಳೆ. ಅದಕ್ಕೇ ಅವನ ಮೋರೆ ಹಾಗಿದೆ. ಇಷ್ಟು ಸರಳ. ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಗೆ ಒಯ್ದು, ಲಕ್ಷ್ಮಿಗೆ ಹಾಕುವ ಚಿನ್ನದ ಬಣ್ಣದ ಕಟ್ಟನ್ನೇ ಹಾಕಿಸಿದಳು. ಪ್ರತಿ ಆಯುಧಪೂಜೆಗೆ ಟಿಕೆಟ್ ಯಂತ್ರ, ಸೀಟಿ, ಚರ್ಮದ ಚೀಲದ ಜೊತೆ ಪಟದ ಈ ‘ಬಸ್ಸಿನಮ್ಮ’ನಿಗೂ ಅರಿಶಿನ ಕುಂಕುಮ. ಗಾಜಿನ ಮೇಲೆ ಹಣೆಯ ಜಾಗದಲ್ಲಿ ವರ್ಷ ವರ್ಷದ ಕುಂಕುಮ ಕೂತು ಕೂತು ದಪ್ಪಗಾಗಿತ್ತು. ಡಿಪೋಗೆ ಹೊಸದಾಗಿ ಬಂದ ಹುಡುಗಿಯರನ್ನು ಮನೆಗೆ ಕರೆದು ತೋರಿಸುತ್ತಿದ್ದಳು. “ನೋಡ್ರೇ, ಅಮೆರಿಕದಾಗೂ ಇದೇ ಗೋಳು.”

ಗಣಿ ಕಂಪನಿಯಲ್ಲಿ ಭೂವಿಜ್ಞಾನಿಯಾದ ನನ್ನ ಗಂಡ ಮಂಜುನಾಥನಿಗೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿದಾಗ, ಬೇರೆ ತಾಯಂದಿರು ಚಟ್ನಿಪುಡಿ ಕಟ್ಟಿಕೊಡುವಂತೆ ನನ್ನವ್ವ ಹಳೆಯ ಖಾಕಿ ಅಂಗಿಯಲ್ಲಿ ಸುತ್ತಿ ಈ ಪಟ ಕಟ್ಟಿಕೊಟ್ಟಳು. ಚಟ್ನಿಪುಡಿಯನ್ನೂ ಕೊಟ್ಟಳು, ಅದನ್ನು ವಿಮಾನ ನಿಲ್ದಾಣದಲ್ಲಿ ಬಿಚ್ಚಿಸಿ ಮೂಸಿ ನೋಡಿದರು. ಬಸ್ಸಿನಮ್ಮನನ್ನು ಯಾರೂ ತಡೆಯಲಿಲ್ಲ.

ಬ್ರಿಸ್ಬೇನಿನ ಬಾಡಿಗೆ ಮನೆಯಲ್ಲಿ ಅವಳಿಗೆ ಗೋಡೆ ಸಿಗಲಿಲ್ಲ. ಈ ದೇಶದಲ್ಲಿ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬೇಕೆಂದರೆ ಮಾಲೀಕನ ಅಪ್ಪಣೆ ಬೇಕು. ಕೆಲವು ತಿಂಗಳಿಗೊಮ್ಮೆ ಏಜೆಂಟರು ಬಂದು ಒಲೆ, ಬಚ್ಚಲು, ಕಾರ್ಪೆಟ್ಟನ್ನು ಪರೀಕ್ಷೆ ಮಾಡಿಕೊಂಡು ಹೋಗುತ್ತಾರೆ. ನಮ್ಮೂರಲ್ಲಿ ಬಾಡಿಗೆದಾರರು ಬಂದ ದಿನವೇ ಮೊದಲು ಹುಡುಕುವುದು ಸುತ್ತಿಗೆಯನ್ನು. ಮೊಳೆ ಹೊಡೆದು ದೇವರನ್ನು ನಿಲ್ಲಿಸದೆ ಹಾಲು ಉಕ್ಕಿಸುವವರುಂಟೆ? ಇಲ್ಲಿ ಅಪ್ಪಣೆ ಕೇಳಿದೆ, ಬರಲಿಲ್ಲ. ಪಟವನ್ನು ಫ್ರಿಜ್ಜಿನ ಮೇಲೆ ಗೋಡೆಗೆ ಒರಗಿಸಿಟ್ಟೆ. ಆಯುಧಪೂಜೆಗೆ ಕಾರಿಗೆ, ವಾಷಿಂಗ್ ಮಷೀನಿಗೆ ಕುಂಕುಮ ಇಟ್ಟು, ಸ್ಟೂಲ್ ಹತ್ತಿ ಅವಳಿಗೂ ಇಟ್ಟೆ. ಮುಂದಿನ ಪರೀಕ್ಷೆಗೆ ಬಂದ ಏಜೆಂಟ್ ಹುಡುಗಿ ವಾಷಿಂಗ್ ಮಷೀನಿನ ಕೆಂಪು ಕಲೆ ನೋಡಿ ರಕ್ತವೇನೋ ಎಂದು ಹೆದರಿದಳು.

ಆ ದಿನಗಳ ಒಂಟಿತನವನ್ನು ನಾನು ಬಣ್ಣಿಸಲಾರೆ. ಮಂಜುನಾಥ ವಾರಗಟ್ಟಲೆ ಗಣಿಯಲ್ಲಿ, ಮಗಳು ಸಿರಿ ಇನ್ನೂ ಮಡಿಲ ಕೂಸು. ಪೆಟ್ರೋಲ್ ಬಂಕಿಗೆ ಸರ್ವೋ, ಮಧ್ಯಾಹ್ನಕ್ಕೆ ಆರ್ವೋ ಎಂದು ಅರ್ಧಕ್ಕೆ ಮುರಿದು ಮಾತಾಡುವ ಜನ. ದಿನಕ್ಕೊಮ್ಮೆ ಬಸ್ಸಿನಲ್ಲಿ ಕೂತು ಅವ್ವನ ಜೊತೆ ಮಾತಾಡುವುದೊಂದೇ ಉಸಿರು. ಹಾಗೆ ಮಾತಾಡುತ್ತಿದ್ದಾಗ ಒಬ್ಬ ನನ್ನ ಎದುರು ಬಾಗಿ, ಇಂಗ್ಲಿಷಿನಲ್ಲಿ ಮಾತಾಡು, ಇಲ್ಲದಿದ್ದರೆ ಇಳಿದು ಹೋಗು ಎಂದ. ಡ್ರೈವರ್ ಕನ್ನಡಿಯಲ್ಲಿ ನೋಡಿದ, ಏನೂ ಹೇಳಲಿಲ್ಲ. ಬಸ್ಸಿನವರೆಲ್ಲ ತಂತಮ್ಮ ಫೋನು ನೋಡಿಕೊಂಡರು.

“ಯಾರೇ ಅದು, ಏನಂತಾನೆ?” ಎಂದಳು ಅವ್ವ.

“ಯಾರೋ ಒಬ್ಬ. ಕನ್ನಡ ಮಾತಾಡ್ಬೇಡ ಅಂತಾನೆ.”

“ಟಿಕೆಟ್ ತಗೊಂಡಿದೀಯಾ?”

“ತಗೊಂಡಿದೀನಿ.”

“ಹಂಗಾದ್ರೆ ಜೋರಾಗಿ ಮಾತಾಡು, ನಂಗೆ ಸರಿಯಾಗಿ ಕೇಳಿಸ್ತಿಲ್ಲ.”

ಜೋರಾಗಿಯೇ ಮಾತಾಡಿದೆ. ಇಳಿಯಬೇಕಾದ ಸ್ಟಾಪು ದಾಟಿ ಹೋದರೂ ಏಳಲಿಲ್ಲ. ಅವನೇ ಮೊದಲು ಇಳಿಯಲಿ ಎಂದು ಹಟ ಹಿಡಿದು ಕೂತಿದ್ದೆ, ಇಳಿದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ, ಅದು ಬೇರೆ ಮಾತು.

ಕೆಲವು ವರ್ಷಗಳ ಮೇಲೆ ಅಡಿಲೇಡಿಗೆ ಬಂದೆವು. ಮಾಡ್ಬರಿಯಲ್ಲಿ ಮನೆ, ಹತ್ತಿರದಲ್ಲೇ ದೊಡ್ಡ ಮಾಲು, ಆಸ್ಪತ್ರೆ, ಶಾಲೆ. ಬ್ರಿಸ್ಬೇನಿನ ಸೆಕೆಗೆ ಹೋಲಿಸಿದರೆ ಒಣ ಹವೆ, ದಾವಣಗೆರೆಯದೇ ಬಿಸಿಲು. ಒಂದು ದಿನ ಸಿರಿ ಶಾಲೆಯಿಂದ ಪುಸ್ತಕ ಹಿಡಿದು ಓಡಿ ಬಂದಳು. ಇಲ್ಲಿ ಬೆಳೆದ ಮಕ್ಕಳಂತೆ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಮಮ್, ಅಜ್ಜೀಸ್ ಫೋಟೋ ಈಸ್ ಇನ್ ಮೈ ಬುಕ್!”

ಅದೇ ಹೆಂಗಸು, ಅದೇ ಟೋಪಿ, ಅದೇ ಕಿಟಕಿ. ಕುಂಕುಮ ಮಾತ್ರ ಇರಲಿಲ್ಲ. ಪಕ್ಕದಲ್ಲಿ ಕೂತು ಸಿರಿ ಪಾಠ ಓದಿ ಹೇಳಿದಳು. ಆ ಊರಿನ ಬಸ್ಸುಗಳಲ್ಲಿ ಮುಂದಿನ ಸೀಟು ಬಿಳಿಯರಿಗೆ, ಹಿಂದಿನದು ಕಪ್ಪು ಜನರಿಗೆ ಎಂದು ಕಾನೂನಿತ್ತು. ಬಿಳಿಯನೊಬ್ಬ ನಿಂತಿದ್ದಾನೆ, ಏಳು ಅಂದರೆ ಈಕೆ ಏಳಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಊರಿನ ಕಪ್ಪು ಜನರೆಲ್ಲ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸೇ ಹತ್ತದೆ ನಡೆದು ಕಾನೂನು ತೆಗೆಸಿದರು. ಈ ಚಿತ್ರ ಅದೆಲ್ಲ ಮುಗಿದ ಮೇಲೆ ಕೂರಿಸಿ ತೆಗೆದದ್ದು, ಹಿಂದೆ ಕೂತವನು ಪತ್ರಿಕೆಯವನು. ನಾನು ಬಿಟ್ಟ ಕಣ್ಣು ಬಿಟ್ಟಂತೆ ಕೂತೆ. ಶಾಲೆಯಲ್ಲಿ ಈ ಕತೆ ನನಗೆ ಯಾರೂ ಕಲಿಸಿರಲಿಲ್ಲ. ಮನೆಯಲ್ಲಿ ಕಲಿತದ್ದನ್ನು ಪ್ರಶ್ನಿಸಬೇಕೆಂದು ತೋಚಿರಲೂ ಇಲ್ಲ.

ಅವ್ವನಿಗೆ ಹೇಳಿದೆ.

“ಬಣ್ಣ ನೋಡಿ ಎಬ್ಬಿಸ್ತಿದ್ರಾ? ಕಂಡಕ್ಟ್ರು ಏನ್ ಮಾಡ್ತಿದ್ದ?”

“ಕಂಡಕ್ಟ್ರು ಇರ್ಲಿಲ್ಲವ್ವ. ಡ್ರೈವರೇ ಏಳು ಅಂದಿದ್ದು. ಪೊಲೀಸ್ರನ್ನ ಕರೆಸಿದ್ದೂ ಅವನೇ.”

“ಬಸ್ಸಿನೋನೇನಾ? ನಮ್ಮ ಕೆಲಸದೋನೇ?”

ಕಾನೂನು ಹಾಗಿತ್ತು ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಅಮೆರಿಕ ಬೇಕಿರಲಿಲ್ಲ, ಕಾನೂನು ಬೇಕಿರಲಿಲ್ಲ. ಖಾಕಿ ತೊಟ್ಟವನೊಬ್ಬ ಟಿಕೆಟ್ ತೆಗೆದುಕೊಂಡ ಪ್ರಯಾಣಿಕಳನ್ನೇ ಪೊಲೀಸರ ಕೈಗೆ ಕೊಟ್ಟನಲ್ಲ ಎಂಬುದೊಂದೇ ಅವಳಿಗೆ ಚುಚ್ಚಿದ್ದು. ಆಮೇಲೆ, ನನಗೆ ಎಂದೂ ಹೇಳದಿದ್ದ ಒಂದು ಸಂಗತಿ ಹೇಳಿದಳು.

“ಒಂದ್ಸಲ ಹಳ್ಳಿ ರೂಟಿನಾಗೆ ಒಬ್ಬ ದೊಡ್ಮನುಷ್ಯ ಹತ್ತಿದ. ಪಕ್ಕದಾಗೆ ಕೂತಿದ್ದ ಮುದುಕನ್ನ ಎಬ್ಬಿಸು ಅಂದ. ಮುದುಕ ಯಾವ ಕೇರಿಯೋನು ಅಂತ ಅವನಿಗೆ ಗೊತ್ತಿತ್ತು. ನಾನು ಆಗಿನ್ನೂ ಹೊಸಬಳು. ಆದ್ರೂ ಅಂದೆ, ಮುಟ್ಟಿಸ್ಕೊಳ್ಳೋಕೆ ಆಗಲ್ಲ ಅಂದ್ರೆ ನೀವೇ ನಿಂತ್ಕೊಳ್ಳಿ ಸಾಮಿ ಅಂತ. ಊರು ಬರೋವರೆಗೂ ನಿಂತ್ಕೊಂಡೇ ಬಂದ. ಡಿಪೋದಾಗೆ ನನ್ ಮ್ಯಾಲೆ ಕಂಪ್ಲೇಂಟ್ ಆಯ್ತು, ಬಿಡು.” ಕೂಡಲೇ ಕೇಳಿದಳು, “ಆಯಮ್ಮನ ಪಟ ಈಗೆಲ್ಲಿಟ್ಟಿದೀಯಾ?”

“ಫ್ರಿಜ್ಜಿನ ಮೇಲೆ.”

“ಫ್ರಿಜ್ಜಿನ ಮ್ಯಾಲಾ? ಗೋಡೆಗೆ ಹಾಕೇ. ಎಲ್ಲರೂ ನೋಡ್ಲಿ.”

ಅಂದಿನಿಂದ ಅದು ನನ್ನ ತಲೆಗೆ ಹತ್ತಿತು. ಅವ್ವನ ಬಸ್ಸಿನಮ್ಮ ಒಂದು ಗೋಡೆಯ ಮೇಲೆ, ನಾಲ್ಕು ಜನ ನೋಡುವ ಕಡೆ ಇರಬೇಕು.

ಈಗ ನಾವಿರುವುದು ಪರ್ತಿನಲ್ಲಿ, ಥಾರ್ನ್ಲಿ ಎಂಬ ಬಡಾವಣೆಯ ಸ್ವಂತ ಮನೆಯಲ್ಲಿ. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಗರದ ನಡುವೆ ಓಡುವ ಬಸ್ಸು ಇಲ್ಲಿ ಉಚಿತ ಎಂದಾಗ ಅವ್ವ, “ನಮ್ಮಲ್ಲೂ ಈಗ ಹೆಂಗಸ್ರಿಗೆ ಫ್ರೀ, ದೊಡ್ಡದಾಗಿ ಹೇಳ್ಬೇಡ” ಎಂದಳು. ಮನೆಯಲ್ಲಿ ಮೊಳೆ ಹೊಡೆದದ್ದಾಯಿತು. ಆದರೆ ನಾಲ್ಕು ಜನ ನೋಡಬೇಕಲ್ಲ. ಹತ್ತಿರದ ಲೈಬ್ರರಿಯವರು ವಲಸೆ ಬಂದವರಿಗೆಂದು ಒಂದು ಪ್ರದರ್ಶನ ಏರ್ಪಡಿಸಿದರು: ನೀವು ಹುಟ್ಟಿದ ಮನೆಯ ಗೋಡೆಯಿಂದ ಒಂದು ಚಿತ್ರ ತನ್ನಿ. ನಾನು ಪಟವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದೆ.

ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹೆಲೆನ್ ಒಳ್ಳೆಯ ಹೆಂಗಸು. ಟವೆಲ್ ಬಿಚ್ಚಿದವಳೇ ಮುಗುಳ್ನಕ್ಕಳು. ಆಮೇಲೆ ಮೆತ್ತಗೆ, “ಇದು ತುಂಬ ಪ್ರಸಿದ್ಧ ಚಿತ್ರ. ಆದರೆ ಇದು ಅಮೆರಿಕದ ಇತಿಹಾಸ, ಅಲ್ವಾ? ನಿಮ್ಮದೇ ಅನ್ನೋ ಚಿತ್ರ ಇಲ್ವಾ? ಅಜ್ಜ ಅಜ್ಜಿಯ ಮದುವೆ, ಹಬ್ಬ, ಏನಾದರೂ ಬಣ್ಣಬಣ್ಣದ್ದು?” ಎಂದಳು. ಗಾಜಿನ ಮೇಲೆ ಬೆರಳಾಡಿಸಿ, “ಕೊಳೆ ಆಗಿದೆ. ನಾವು ಒರೆಸಿ ಕೊಡ್ತೀವಿ,” ಎಂದೂ ಸೇರಿಸಿದಳು.

ಕೊಳೆ! ನಾನು ಪಟವನ್ನು ಎದೆಗೆ ಒತ್ತಿಕೊಂಡೆ.

ಸುದ್ದಿ ನಮ್ಮ ಕನ್ನಡದವರಿಗೂ ಮುಟ್ಟಿತು. ಬಳಗದ ಹಿರಿಯರಾದ ಶ್ರೀಧರ ಅಂಕಲ್ ಮನೆಗೇ ಬಂದರು. “ಶೈಲಾ, ಇಲ್ಲಿ ಬಂದು ಅಮೆರಿಕದವಳ ಫೋಟೋ ಇಡ್ತೀಯೇನಮ್ಮ? ನಮ್ದು ಅಂತ ಒಂದು ಸಂಸ್ಕೃತಿ ಇದೆ. ದಸರಾ ಆನೆ ಫೋಟೋ ದೊಡ್ಡದು ಮಾಡಿಸ್ಕೊಡ್ತೀನಿ, ಅದನ್ನ ಹಾಕು.”

“ಅಂಕಲ್, ನಮ್ಮನೆ ಗೋಡೆ ಮೇಲೆ ಆನೆ ಇರ್ಲಿಲ್ಲ. ಈಯಮ್ಮ ಇದ್ಲು.”

“ಸರಿ, ಇದ್ಲು. ಆದ್ರೆ ಅಮ್ಮ ಕಂಡಕ್ಟರ್ ಅನ್ನೋದೆಲ್ಲ ಬರೆಸ್ಬೇಕಾ? ಇಲ್ಲಿ ನಮ್ಮೋರೆಲ್ಲ ಡಾಕ್ಟರ್ಸು, ಇಂಜಿನಿಯರ್ಸು. ಜನ ಏನಂದ್ಕೊಳ್ತಾರೆ?”

“ಅದನ್ನೇ ಮೊದಲು ಬರೆಸ್ತೀನಿ ಅಂಕಲ್. ಕಾಫಿ ಕುಡೀತೀರಾ?”

ಕುಡಿದರು. ಸಕ್ಕರೆ ಕಡಿಮೆಯಾಯಿತು ಎಂದು ಗೊಣಗಿಕೊಂಡು ಹೋದರು. ಸಕ್ಕರೆಯನ್ನು ನಾನು ಹಾಕಿಯೇ ಇರಲಿಲ್ಲ.

ಹೆಲೆನ್ ಹತ್ತಿರ ಮತ್ತೆ ಹೋಗಿ ಇಡೀ ಕತೆ ಹೇಳಿದೆ. ಲೇಡೀಸ್ ಸೀಟು, ಆಯುಧಪೂಜೆ, ಅವ್ವ ತಿಳಿದುಕೊಂಡ ಅರ್ಥ, ನಿಜವಾದ ಅರ್ಥ. ಅವಳು ಗಂಭೀರಳಾದಳು. ಇದು ನೋವಿನ ಇತಿಹಾಸ, ಇದರ ಪಕ್ಕದಲ್ಲಿ ತಪ್ಪು ಕತೆ ಹಾಕಿದರೆ ಆ ನೋವನ್ನು ಹಗುರ ಮಾಡಿದಂತಾಗುವುದಿಲ್ಲವೇ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ನನ್ನ ಸಿಟ್ಟು ಇಳಿಯದಿದ್ದರೂ ತಲೆ ಓಡಿತು.

“ನಿಜ ಏನೋ ಅದನ್ನು ಮೊದಲು ಬರೆಯಿರಿ, ಪೂರ್ತಿ ಬರೆಯಿರಿ,” ಎಂದೆ. “ಏಳು ಅಂದದ್ದು ಡ್ರೈವರ್ ಅನ್ನೋದನ್ನು ಬಿಡಬೇಡಿ. ಅದರ ಕೆಳಗೆ ನನ್ನಮ್ಮ ಹೇಳಿದ್ದನ್ನು ಹಾಕಿ. ಗಾಜು ಮಾತ್ರ ಒರೆಸೋ ಹಾಗಿಲ್ಲ. ಕುಂಕುಮ ಒರೆಸಿದರೆ ಇದು ನಿಮ್ಮ ಚಿತ್ರ, ಇದ್ದರೆ ನಮ್ಮದು. ಒಪ್ಪದಿದ್ದರೆ ವಾಪಸ್ ತಗೊಂಡು ಹೋಗ್ತೀನಿ.”

ಹೆಲೆನ್ ಕಿಟಕಿಯಾಚೆ ನೋಡಿದಳು, ಪಟ ನೋಡಿದಳು. ಈ ಆರ್ವೋ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದಳು. ಸಂಜೆಗೆ ಮುಂಚೆ ಫೋನ್ ಬಂತು: ಆಯಿತು.

ಅವ್ವ ಹೇಳಿದ್ದನ್ನು ಇಂಗ್ಲಿಷಿಗೆ ತಂದವಳು ಸಿರಿ. ಅಜ್ಜಿ ಫೋನಿನಲ್ಲಿ ಹೇಳಿದಳು, ಇವಳು ಒಂದೊಂದು ಮಾತಿಗೂ ‘ಅಜ್ಜಿ, ಮತ್ತೆ ಹೇಳು’ ಎಂದು ಕೇಳಿ ಬರೆದಳು. ಮಗಳ ಬಾಯಲ್ಲಿ ತಾನಾಗಿ ಬಂದ ಕನ್ನಡ ಕೇಳಿ ನನಗೆ ಹಬ್ಬವಾಯಿತು. ಎರಡೂ ಭಾಷೆಯಲ್ಲಿ ಅಚ್ಚಾದ ಮಾತು ಇಷ್ಟು: “ನಾನು ಗಂಗಮ್ಮ, ದಾವಣಗೆರೆ, ಬಸ್ ಕಂಡಕ್ಟರ್. ಈಯಮ್ಮ ಒಬ್ಬ ಗಂಡಸನ್ನು ಎಬ್ಬಿಸಿದಳು ಅಂತ ತಿಳಿದು ಕುಂಕುಮ ಇಟ್ಟೆ. ಈಕೆಯನ್ನೇ ಎಬ್ಬಿಸೋಕೆ ಹೋಗಿದ್ದರು, ಹೋದವರು ನಮ್ಮ ಬಸ್ಸಿನವರೇ ಅಂತ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಇಡುತ್ತೇನೆ. ಈಗ ಅದು ತಪ್ಪೊಪ್ಪಿಗೆ ಕುಂಕುಮ.”

ಪ್ರದರ್ಶನದ ಮೊದಲ ದಿನ ಜನ ಬಂದರು. ಗ್ರೀಕರ ಮದುವೆ, ವಿಯೆಟ್ನಾಮಿನವರ ದೋಣಿ, ಇಟಲಿಯ ಅಜ್ಜಂದಿರ ಮೀಸೆ, ಅವುಗಳ ನಡುವೆ ಚಿನ್ನದ ಕಟ್ಟಿನೊಳಗೆ ನನ್ನವ್ವನ ಬಸ್ಸಿನಮ್ಮ. ನಾನು ರೇಷ್ಮೆ ಸೀರೆ ಉಟ್ಟು ಮದುವೆ ಮನೆಯ ಯಜಮಾನಿಯಂತೆ ಪಕ್ಕದಲ್ಲೇ ನಿಂತಿದ್ದೆ. ಶ್ರೀಧರ ಅಂಕಲ್ ಕೂಡ ಬಂದು, ಓದಿ, ಒಂದು ಫೋಟೋ ತೆಗೆದುಕೊಂಡರು.

ಹೆಲೆನ್ ಒಬ್ಬ ವಯಸ್ಸಾದ ಹೆಂಗಸಿನ ಕೈ ಹಿಡಿದುಕೊಂಡು ಬಂದಳು. ಈ ಊರು ನಿಂತಿರುವ ನೆಲದ ಮೂಲದವರು, ನೂಂಗಾರ್ ಜನ. ಅವರಲ್ಲೂ ಹಿರಿಯರನ್ನು ಆಂಟಿ, ಅಂಕಲ್ ಎಂದೇ ಕರೆಯುತ್ತಾರೆ. ಹೆಲೆನ್ ಅವರನ್ನು ಆಂಟಿ ಮೇರಿ ಎಂದು ಪರಿಚಯಿಸಿದಳು. ಆಂಟಿ ಎರಡೂ ಬರಹಗಳನ್ನು ಬೆರಳಿಟ್ಟು ಓದಿದರು. ಕುಂಕುಮದ ಬಗ್ಗೆ ಕೇಳಿದರು, ಹೇಳಿದೆ. ಆಮೇಲೆ ಅಲ್ಲಿದ್ದ ಕುರ್ಚಿ ಎಳೆದುಕೊಂಡು ಬಸ್ಸಿನಮ್ಮನ ಎದುರು ಕೂತರು.

“ಇಲ್ಲೂ ಹೀಗೇ ಇತ್ತು ಮಗಳೇ,” ಎಂದರು. “ಪರ್ತ್ ಪೇಟೆಯೊಳಗೆ ಕಾಲಿಡೋಕೆ ನಮ್ಮಜ್ಜಿಗೆ ಪಾಸು ಬೇಕಿತ್ತು. ಕತ್ತಲಾಗೋ ಮೊದಲು ಹೊರಗೆ ಹೋಗಿಬಿಡಬೇಕಿತ್ತು. ಅದರ ಚಿತ್ರ ಯಾರ ಗೋಡೆ ಮೇಲೂ ಇಲ್ಲ.”

ಹೆಲೆನ್ ನೆಲ ನೋಡಿದಳು. ಇಷ್ಟು ದಿನ ಜಂಬದಿಂದ ಸೆಟೆದಿದ್ದ ನನ್ನ ಬೆನ್ನೂ ಸ್ವಲ್ಪ ಬಾಗಿತು. ಇದೇ ಪೇಟೆಯಲ್ಲಿ ಉಚಿತ ಬಸ್ಸಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ತಿರುಗಿದವಳು ನಾನು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಎಷ್ಟು ಜನ ಬಂದಿದ್ದರು, ಯಾರು ಏನಂದರು. ಆಂಟಿ ಮೇರಿ ಹೇಳಿದ್ದನ್ನು ಹೇಳಿದಾಗ ಅವಳು ತಡೆದಳು.

“ಪಾಸಾ? ಅವರ ಊರಾಗೆ ಅವರಿಗೇ ಪಾಸಾ?”

“ಹೂಂ ಅವ್ವ.”

“ಹಂಗಾದ್ರೆ ನೀವೆಲ್ಲ ಅಲ್ಲಿ ಆ ಅಜ್ಜಿ ಸೀಟಿನಾಗೆ ಕೂತಿದೀರಿ ಅನ್ನು.”

ದಾವಣಗೆರೆಯಲ್ಲಿ ನಾನು ಮಲಗುತ್ತಿದ್ದ ಕೋಣೆಯಲ್ಲಿ ಈಗ ತಮ್ಮನ ಮಕ್ಕಳು ಮಲಗುತ್ತಾರೆ. ಹೋದರೆ ನಾಲ್ಕು ದಿನದ ನೆಂಟಳು. ಇಲ್ಲಿ ಮನೆ ಇದೆ, ಮೊಳೆ ಇದೆ, ಆದರೆ ನೆಲ ಇನ್ನೊಬ್ಬರದು. ಇಳಿದು ಹೋಗು ಎಂದವನ ಮುಂದೆ ಜಗ್ಗದವಳು ನಾನು. ಹೋಗು ಎನ್ನದೆ ಕುರ್ಚಿ ಎಳೆದುಕೊಂಡು ಕೂತ ಆ ಅಜ್ಜಿಯ ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

“ಏಳು ಅಂದ್ರಾ ನಿನ್ನ?” ಎಂದಳು ಅವ್ವ.

“ಇಲ್ಲವ್ವ. ಮಗಳೇ ಅಂದ್ರು.”

“ಹಂಗಾದ್ರೆ ಏಳ್ಬೇಡ. ಸರ್ಕೊಂಡು ಕೂತ್ಕೋ, ಅವ್ರಿಗೆ ಕಿಟಕಿ ಪಕ್ಕ ಬಿಡು.”